ಹಳೇ ನಕ್ಷೆಯ ಸೂಳೆಕೆರೆ

ಸೂಳೆಕೆರೆಯ ನೀರಾವರಿ ಕುರಿತ ನನ್ನ ಅಧ್ಯಾಯದ ಕರಡನ್ನು ತಿರುವುತ್ತಿದ್ದ ಮೇಷ್ಟ್ರು ನಕ್ಷೆಯ ಪುಟಕ್ಕೆ ಬಂದಾಗ ಪೆನ್ಸಿಲ್ ನಿಲ್ಲಿಸಿದರು. “ಏನಪ್ಪಾ, ಊರೂರು ಸುತ್ತಿ ಬಂದವನಿಗೆ ನ್ಯಾಮತಿ ಸಿಗಲಿಲ್ವಾ?”

ನಕ್ಷೆಯಲ್ಲಿ ದಾವಣಗೆರೆ ಜಿಲ್ಲೆಗೆ ಆರು ತಾಲ್ಲೂಕು. ಎಣಿಕೆ ಸರಿಯಿತ್ತು, ಅದಕ್ಕೇ ನಾನು ಮೋಸಹೋದೆ. ಹೊನ್ನಾಳಿಯಿಂದ ಬೇರೆಯಾದ ನ್ಯಾಮತಿ ಅದರಲ್ಲಿ ಇರಲಿಲ್ಲ. ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿದ ಹರಪನಹಳ್ಳಿ ಇನ್ನೂ ಕೂತಿತ್ತು. ಒಂದು ಹೋಗಿ ಒಂದು ಬಂದರೂ ಲೆಕ್ಕ ಆರೇ ತಾನೆ!

ರೂಮಿಗೆ ಬಂದು ನಕ್ಷೆ ಸಿಕ್ಕಿದ್ದ ಜಾಲಪುಟವನ್ನು ಮತ್ತೆ ತೆರೆದೆ. ಬರಹದಲ್ಲಿ ನ್ಯಾಮತಿ ಇದೆ, ಕೆಳಗಿನ ನಕ್ಷೆಯಲ್ಲಿಲ್ಲ. ಎರಡು ಸಲ ರಿಫ್ರೆಶ್ ಮಾಡಿದರೂ ಅದೇ. ಖಾಸಗಿ ಕಿಟಕಿಯಲ್ಲಿ ತೆರೆದರೆ ಹೊಸ ನಕ್ಷೆ ಬಂತು. ಅಂದರೆ ಹಳೆಯದು ನನ್ನ ಬ್ರೌಸರ್‌ನ ಕ್ಯಾಶಿನಲ್ಲೇ ಇತ್ತು (ದುಡ್ಡಿನ ಕ್ಯಾಶ್ ಬೇರೆ, ಇದು ‘ಬಚ್ಚಿಡು’ ಎನ್ನುವ ಫ್ರೆಂಚ್ ಮಾತಿನಿಂದ ಬಂದದ್ದು). ಅಲ್ಲೂ ಹಳೆಯದೇ ಕಂಡಿದ್ದರೆ ನಡುವಿನ ಸರ್ವರನ್ನೋ ಮೂಲ ಪುಟವನ್ನೋ ಅನುಮಾನಿಸಬೇಕಿತ್ತು. ಕಂಟ್ರೋಲ್, ಶಿಫ್ಟ್, ಆರ್ ಮೂರನ್ನೂ ಒಟ್ಟಿಗೆ ಒತ್ತಿದೆ, ಹರಪನಹಳ್ಳಿ ಮಾಯ. ಅದಕ್ಕೂ ಬಗ್ಗದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಕ್ಯಾಶ್ ಆದ ಚಿತ್ರ ಮತ್ತು ಫೈಲುಗಳನ್ನಷ್ಟೇ ಅಳಿಸಬೇಕು. ಕುಕಿಗಳಿಗೂ ಟಿಕ್ ಹಾಕಿದರೆ ಲಾಗಿನ್ ಆದ ಕಡೆಯಿಂದೆಲ್ಲ ಹೊರಬೀಳುತ್ತೀರಿ.

ಇಂಥ ಪ್ರತಿಯನ್ನು ಎಷ್ಟು ಕಾಲ ನಂಬಬಹುದು ಎಂಬುದಕ್ಕೆ ವಿವರವಾದ ಕಟ್ಟಳೆ ಬಂದದ್ದು 1997ರ ಜನವರಿಯಲ್ಲಿ, ಎಚ್‌ಟಿಟಿಪಿ 1.1ರ ಜೊತೆ. ಸರ್ವರ್ ಅವಧಿ ಹೇಳದಿದ್ದರೆ ಬ್ರೌಸರ್ ತಾನೇ ಅಂದಾಜು ಮಾಡಬಹುದು: ಫೈಲು ಕೊನೆಯ ಸಲ ಬದಲಾಗಿ ಎಷ್ಟು ಕಾಲವಾಗಿದೆಯೋ ಅದರ ಹತ್ತನೇ ಒಂದು ಪಾಲು ಎಂಬುದು ರೂಢಿ. ನಾಲ್ಕು ವರ್ಷ ಯಾರೂ ಮುಟ್ಟದ ನಕ್ಷೆಗೆ ಹೀಗೆ ಸುಮಾರು ಐದು ತಿಂಗಳ ಭರವಸೆ ಸಿಕ್ಕಿಬಿಡಬಹುದು. ಅಷ್ಟರೊಳಗೆ ಮೂಲದಲ್ಲಿ ಯಾರೋ ತಿದ್ದಿದರೂ ಬ್ರೌಸರ್ ಕೇಳಲು ಹೋಗುವುದಿಲ್ಲ. ಬಹುಕಾಲ ಬದಲಾಗದ್ದನ್ನು ಇನ್ನಷ್ಟು ಕಾಲ ನಂಬುವ ಈ ಚಾಳಿ ಚರಿತ್ರೆ ಓದುವ ನಮಗೂ ಇದೆ.

ಅದೇ 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾಯಿತು. ಅಲ್ಲಿಯವರೆಗೆ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಲ್ಲಿದ್ದವು, ಜಗಳೂರು ಚಿತ್ರದುರ್ಗದಲ್ಲಿ. ಹಾಗಾಗಿ ಸೂಳೆಕೆರೆ ಸೀಮೆಯ ಶಾಸನ ಬೇಕೆಂದರೆ ಇವತ್ತಿಗೂ ಬಿ. ಎಲ್. ರೈಸ್‌ರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಏಳನೇ ಸಂಪುಟ, 1902ರದ್ದು, ತೆಗೆಯಬೇಕು. ಚನ್ನಗಿರಿ, ಹೊನ್ನಾಳಿ ಎರಡೂ ಅಲ್ಲಿ ಶಿವಮೊಗ್ಗ ಜಿಲ್ಲೆಯ ಹೆಸರಿನಲ್ಲಿವೆ. ಜಗಳೂರಿನದು ಚಿತ್ರದುರ್ಗದ ಹನ್ನೊಂದನೇ ಸಂಪುಟದಲ್ಲಿದೆ. ಅಲ್ಲಿ ‘ಶಿವಮೊಗ್ಗ’ ಹೊಡೆದು ‘ದಾವಣಗೆರೆ’ ಎಂದು ಬರೆದರೆ ಮುಂದಿನವರಿಗೆ ಶಾಸನವೇ ಸಿಗದು. ರೈಸ್‌ರ ಪುಸ್ತಕದ ಮೇಲೆ ವರ್ಷವಿದೆ, ಓದುವವರು ಲೆಕ್ಕ ಹಾಕಿಕೊಳ್ಳುತ್ತಾರೆ. ನನ್ನ ನಕ್ಷೆಯ ಕೆಳಗೆ ಅದಿರಲಿಲ್ಲ.

ಹಳೇ ನಕ್ಷೆಯನ್ನು ಬ್ರೌಸರ್‌ನಿಂದ ನಾನೇ ಓಡಿಸಿಬಿಟ್ಟೆ. ಈಗ ನೋಡಿದರೆ, ಜಿಲ್ಲೆ ಹುಟ್ಟಿದಾಗಿನ ಎಲ್ಲೆ ತೋರಿಸಲು ಅಧ್ಯಾಯಕ್ಕೆ ಅದೇ ಬೇಕಾಗಿದೆ. ನನ್ನ ಬಳಿ ಉಳಿದಿರುವುದು ಕರಡಿನ ಅಚ್ಚುಪ್ರತಿ ಮಾತ್ರ; ನ್ಯಾಮತಿ ಇರಬೇಕಾದ ಜಾಗದಲ್ಲಿ ಮೇಷ್ಟ್ರ ಪೆನ್ಸಿಲ್ಲಿನ ಸುತ್ತು.