ಕೌರವನಿಗೂ ಒಂದು ಸರದಿ

ಹೊನ್ನಾವರದಿಂದ ದಕ್ಷಿಣಕ್ಕೆ, ಶರಾವತಿ ದಾಟಿದರೆ ಕಾಸರಕೋಡು, ಅದರಾಚೆ ಅಪ್ಸರಕೊಂಡ. ಅಪ್ಸರೆಯರು ಮಿಂದ ಕೊಳವೆಂದು ಸ್ಥಳಪುರಾಣ. ಆದರೆ ಇಲ್ಲಿಯ ಮಂದಿ ದೇವೇಂದ್ರನ ಒಡ್ಡೋಲಗವನ್ನು ಕಂಡದ್ದು ಕೊಯ್ಲಾದ ಗದ್ದೆಯ ಬಯಲಾಟದಲ್ಲಿ.

ಯಕ್ಷಗಾನದಲ್ಲಿ ಪದ್ಯ ಕವಿಯದು, ಅರ್ಥ ವೇಷಧಾರಿಯದು. ಭಾಗವತರು ಹಾಡಿ ನಿಲ್ಲಿಸಿದೊಡನೆ ಆತ ಅಲ್ಲೇ ಮಾತು ಕಟ್ಟಬೇಕು. 1876ರ ಕಾಯಿದೆ ನಾಟಕಗಳನ್ನು ನಿಷೇಧಿಸುವ ಅಧಿಕಾರವನ್ನು ಬ್ರಿಟಿಷ್ ಸರ್ಕಾರಕ್ಕೆ ಕೊಟ್ಟಿತ್ತು. ಬರೆದೇ ಇರದ ಮಾತನ್ನು ಮುಂಚಿತವಾಗಿ ತರಿಸಿ ಓದುವುದೆಂತು?

1930ರಲ್ಲಿ ಅಂಕೋಲೆಯ ಉಪ್ಪಿನ ಸತ್ಯಾಗ್ರಹಕ್ಕೆ, ಮುಂದೆ ಅಂಕೋಲಾ-ಸಿದ್ದಾಪುರಗಳ ಕರನಿರಾಕರಣೆಗೆ ನಿಂತ ಈ ಜಿಲ್ಲೆಯ ರೈತರಿಗೆ, ಒಳ್ಳೆಯ ಅರಸು ಯಾರೆಂಬ ಚರ್ಚೆ ಹೊಸದೇನಲ್ಲ. ಆಟದಲ್ಲಿ ಅದನ್ನು ರಾತ್ರಿಯಿಡೀ ಕೇಳಿದವರು ಅವರು. ಅಪ್ಸರಕೊಂಡಕ್ಕೆ ಸಮೀಪದ ಗುಣವಂತೆಯಲ್ಲಿ 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮೇಳ ಕಟ್ಟಿದ್ದು ಇಂಥ ಪ್ರೇಕ್ಷಕರ ನಡುವೆ.

ಕಾಲ ಬದಲಾಯಿತು. ಬೆಳಗಿನವರೆಗಿನ ಆಟ ಎಷ್ಟೋ ಕಡೆ ಮೂರು ತಾಸಿಗೆ ಇಳಿಯಿತು. ಮರುದಿನ ಕೆಲಸಕ್ಕೆ ಹೋಗುವವರಿಗೆ ಅದು ಅನುಕೂಲವೇ, ಅದರಲ್ಲಿ ತಪ್ಪಿಲ್ಲ. ಆದರೆ ಸಮಯ ಕಡಿಮೆಯಾದಾಗ ಮೊದಲು ಕತ್ತರಿ ಬೀಳುವುದು ಅರ್ಥಕ್ಕೆ.

'ಕೃಷ್ಣಸಂಧಾನ'ದಲ್ಲಿ ಕೃಷ್ಣನಿಗಿರುವಂತೆ ಕೌರವನಿಗೂ ಸರದಿಯುಂಟು. ಅವನ ಸೋಲು ಗೊತ್ತಿದ್ದೂ ಜನ ಅವನ ವಾದವನ್ನು ಪೂರ್ತಿ ಕೇಳುತ್ತಿದ್ದರು. ಇಂದು ಟೀವಿಯ ಚರ್ಚೆಗಳಲ್ಲಿ ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರ ಕೂಗು. ವೀಕ್ಷಕರೇ, ಆಟದಿಂದ ನಾವು ಕಲಿಯಬೇಕಾದದ್ದು ಕುಣಿತವನ್ನಷ್ಟೇ ಅಲ್ಲ. ಎದುರಾಳಿಯ ಮಾತು ಮುಗಿಯುವವರೆಗೆ ಕಾಯುವ ಸೌಜನ್ಯವನ್ನೂ.