ರಂಗನತಿಟ್ಟು

ಬೆಂಗಳೂರಿನ ಪಶ್ಚಿಮದಂಚಿನ ಉಲ್ಲಾಳದಲ್ಲಿ ಒಂದು ಕೆರೆಯಿದೆ. ಅಂತಹ ಕೆರೆಗಳನ್ನು ನಮ್ಮ ಹಿರಿಯರು ಬೆಳೆಗಾಗಿ ಕಟ್ಟಿದರು. ಹಕ್ಕಿಗಳು ಕರೆಯದೆಯೇ ಬಂದುವು. ಈ ಮಾತಿಗೆ ನಾಡಿನಲ್ಲಿ ದೊಡ್ಡ ನಿದರ್ಶನವೆಂದರೆ ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು.

ತಿಟ್ಟೆಂದರೆ ದಿಬ್ಬ. ಕಂಠೀರವ ನರಸರಾಜ ಒಡೆಯರು 1645ರಿಂದ 1648ರೊಳಗೆ ಕಾವೇರಿಗೆ ಅಡ್ಡಲಾಗಿ ಇಲ್ಲೊಂದು ಕಟ್ಟೆಯನ್ನು ಕಟ್ಟಿಸಿದರು. ಕಾಲುವೆಗೆ ನೀರು ತಿರುಗಿಸುವುದೇ ಅದರ ಉದ್ದೇಶ. ಆದರೆ ನೀರು ಹಿಂದಕ್ಕೆ ನಿಂತು, ನದಿಯ ದಿಬ್ಬಗಳು ನಡುಗಡ್ಡೆಗಳಾದುವು. ಸುತ್ತಣ ನೀರು ಕೋಟೆಯ ಕಂದಕದಂತಾಯಿತು. ನಾಯಿ ನರಿಗಳು ದಾಟಲಾರದ ಆ ನೆಲದ ಮರಗಳಲ್ಲಿ ಕೊಕ್ಕರೆಗಳೂ ಬೆಳ್ಳಕ್ಕಿಗಳೂ ಚಮಚದಂತಹ ಕೊಕ್ಕಿನ ಹಕ್ಕಿಗಳೂ ಗೂಡು ಕಟ್ಟಿದುವು. ಬಂಡೆಗಳ ಮೇಲೆ ಮೊಸಳೆಗಳು ಬಿಸಿಲು ಕಾಯಿಸಿದುವು.

ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗಾಗಿ ಬಂದ ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರು ಇದನ್ನು ಕಂಡು ಅರಮನೆಗೆ ಅರಿಕೆ ಮಾಡಿದರು. 1940ರಲ್ಲಿ ಇದು ರಕ್ಷಿತ ಪಕ್ಷಿಧಾಮವಾಯಿತು. ಹದಿನೇಳನೆಯ ಶತಮಾನದ ಅರಸರು ಅರಿಯದೆ ಮಾಡಿದ ಉಪಕಾರವನ್ನು ಇಪ್ಪತ್ತನೆಯ ಶತಮಾನದಲ್ಲಿ ಅರಿತು ಉಳಿಸಿದಂತಾಯಿತು. 2022ರಲ್ಲಿ ಇದು ರಾಮ್‌ಸಾರ್ ಪಟ್ಟಿಯನ್ನೂ ಸೇರಿತು.

ಆದರೆ ಶಾಸನದ ಬೇಲಿಯು ನದಿಯನ್ನು ತಡೆಯದು. ಮೇಲಣ ಕೃಷ್ಣರಾಜಸಾಗರದಿಂದ ಒಮ್ಮೆಗೇ ನೀರು ಬಿಟ್ಟರೆ ತಗ್ಗಿನ ಗೂಡುಗಳು ಮುಳುಗುತ್ತವೆ, ತಿಟ್ಟಿನ ಮಣ್ಣು ಕೊಚ್ಚಿಹೋಗುತ್ತದೆ. ಹೊಳೆ ಬತ್ತಿದರೆ ನಾಯಿ ನರಿಗಳಿಗೆ ದಾರಿ ತೆರೆಯುತ್ತದೆ. ಗದ್ದೆಗೂ ಬೆಂಗಳೂರಿನ ನಲ್ಲಿಗಳಿಗೂ ಬೇಕಾದುದು ಇದೇ ಕಾವೇರಿ. ಹಕ್ಕಿಗಳ ಕಂದಕ ಬತ್ತಬಾರದು, ಉಕ್ಕಲೂಬಾರದು. ಕಟ್ಟೆ ಕಟ್ಟಿದ ಮನುಷ್ಯನ ಕೈಯಲ್ಲಿಯೇ ಅದರ ಅಳತೆಯೂ ಇದೆ.