ಹುಟ್ಟುಗಳ್ಳರನ್ನು ಹುಟ್ಟಿಸಿದ ಕಾಯಿದೆ

ಊರಿನಲ್ಲಿ ಒಂದು ಕೋಳಿ ಕಾಣೆಯಾಯಿತೆನ್ನಿ. ಮೊದಲು ಹುಡುಕುವುದು ಯಾರ ಮನೆಯನ್ನು? ಗೌಡರ ಹಿತ್ತಿಲನ್ನಲ್ಲ, ಊರಾಚೆ ಬುಟ್ಟಿ ಹೆಣೆಯುವ ಕೊರಮರ ಗುಡಿಸಲನ್ನು. 'ಅವು ಕಳ್ಳರ ಜಾತಿ ಸಾರ್, ರಕ್ತದಾಗೇ ಐತೆ' ಅಂತ ಓದಿದವರೂ ಹೇಳ್ತಾರೆ. ಜಾತಿಯ ಈ ಕೊಳಕು ಹಳೆಯದೇ. ಆದರೆ ಅದಕ್ಕೆ ಸರ್ಕಾರದ ಮೊಹರು ಬಿದ್ದದ್ದು 1871ರಲ್ಲಿ, ಅಪರಾಧಿ ಬುಡಕಟ್ಟುಗಳ ಕಾಯಿದೆಯಿಂದ.

ನೇಕಾರನ ಮಗ ನೇಕಾರ, ಬಡಗಿಯ ಮಗ ಬಡಗಿ. ಹಾಗೇ ಕಳ್ಳನ ಮಗ ಕಳ್ಳ ಎಂಬುದು ಆ ಮಸೂದೆಯ ಪರ ನಿಂತ ಬ್ರಿಟಿಷ್ ಅಧಿಕಾರಿಗಳ ವಾದ. ಬಿಳಿ ದೊರೆ ಇದನ್ನು ಕಲಿತದ್ದು ಯಾರಿಂದ? ನಮ್ಮ ವರ್ಣವ್ಯವಸ್ಥೆಯಿಂದಲೇ. ಹುಟ್ಟಿನಿಂದಲೇ ಅಪರಾಧಿ ಎಂಬ ಮಾತನ್ನು ಇಟಲಿಯ ಲೊಂಬ್ರೋಸೋ ಎಂಬ ವೈದ್ಯ ತಲೆಬುರುಡೆ ಅಳೆದು ಪುಸ್ತಕ ಮಾಡಿದ್ದು 1876ರಲ್ಲಿ. ಅವನಿಗಿಂತ 5 ವರ್ಷ ಮೊದಲೇ, ಬುರುಡೆ ಅಳೆಯುವ ಗೊಡವೆಯೂ ಇಲ್ಲದೆ, ಇಲ್ಲಿ ಜಾತಿಯ ಹೆಸರೊಂದೇ ಸಾಕಾಗಿತ್ತು.

ಹಾಗಾದರೆ ಈ ಜನ ಅದಕ್ಕೆ ಮೊದಲು ಏನು ಮಾಡಿಕೊಂಡಿದ್ದರು? ಕೊರಚರು ಕತ್ತೆ ಎತ್ತುಗಳ ಮೇಲೆ ಕರಾವಳಿಯ ಉಪ್ಪನ್ನು ಒಳನಾಡಿಗೆ ಹೊತ್ತು, ಅಲ್ಲಿಂದ ಕಾಳು ತರುತ್ತಿದ್ದರು. ಲಂಬಾಣಿಗರ ಎತ್ತಿನ ಹೇರುಗಳಿಲ್ಲದೆ ಸೈನ್ಯಗಳಿಗೇ ಕೂಳಿರುತ್ತಿರಲಿಲ್ಲ. ಉಪ್ಪಿನ ಮೇಲೆ ಕಂಪನಿ ಸರ್ಕಾರದ ಹಿಡಿತ ಬಂತು. ಆಮೇಲೆ ರೈಲು ಬಂತು, ಹೇರು ಹೋಯಿತು. 1878ರ ಅರಣ್ಯ ಕಾಯಿದೆ ಬಂದ ಮೇಲೆ ಕಾಡಿನ ಬಿದಿರು ಕಡಿಯುವುದೂ ಅಪರಾಧವಾಯಿತು. ನಡುವೆ ಧಾತು ಈಶ್ವರ ಸಂವತ್ಸರಗಳ ಮಹಾಬರ. ಕಳ್ಳತನ ನಡೆಯಲೇ ಇಲ್ಲ ಎಂದು ನಾವು ಹೇಳುತ್ತಿಲ್ಲ. ಹೊಟ್ಟೆಗಿಲ್ಲದವನು ಕದ್ದದ್ದುಂಟು. ಆದರೆ ಅವನ ದಾರಿಗಳನ್ನೆಲ್ಲ ಮುಚ್ಚಿದವರು ಯಾರು ಎಂಬುದನ್ನು ಮಾತ್ರ ಯಾವ ಪೊಲೀಸ್ ಡೈರಿಯೂ ಬರೆಯಲಿಲ್ಲ.

ಕಾಯಿದೆಯ ಕೆಲಸ ಹೇಗಿತ್ತು ನೋಡಿ. ಒಂದು ಜಾತಿಯನ್ನು ಅಪರಾಧಿ ಎಂದು ಸರ್ಕಾರ ಸಾರಿದರೆ ಮುಗಿಯಿತು, ಅದನ್ನು ಯಾವ ಕೋರ್ಟೂ ಪ್ರಶ್ನಿಸುವಂತಿಲ್ಲ. ಹೆಸರು ರಿಜಿಸ್ಟರಿಗೆ. ಹಾಜರಿ ಕೊಡಬೇಕು. ಊರು ಬಿಡಲು ಪಾಸು ಬೇಕು. ಪಾಸಿಲ್ಲದೆ ಸಿಕ್ಕರೆ ಅದೇ ಅಪರಾಧ, ಅದಕ್ಕೇ ಜೈಲು. ಸಂತೆಗೆ ಹೋಗಲಾರದವನು ಬುಟ್ಟಿ ಮಾರುವುದೆಲ್ಲಿ? 1911ರ ಕಾಯಿದೆ ಬೆರಳಚ್ಚು ಪಡೆಯುವ, ಮಕ್ಕಳನ್ನು ತಂದೆತಾಯಿಯಿಂದ ಬೇರ್ಪಡಿಸುವ ಅಧಿಕಾರ ಕೊಟ್ಟಿತು. ಆಗಿನ ಮುಂಬಯಿ ಪ್ರಾಂತ್ಯದಲ್ಲಿದ್ದ ಹುಬ್ಬಳ್ಳಿ, ಗದಗ, ವಿಜಯಪುರಗಳಲ್ಲಿ ಸೆಟ್ಲಮೆಂಟುಗಳು ಎದ್ದವು. ಬೇಲಿ ಹೋದ ಮೇಲೂ ಹುಬ್ಬಳ್ಳಿ, ಗದಗಿನಲ್ಲಿ ಆ ಹೆಸರು ಜನರ ಬಾಯಲ್ಲಿ ಉಳಿದಿದೆ. ಗಂಟಿಚೋರರನ್ನು ನೆನೆಯಿರಿ: ತಮ್ಮ ಜಾತಿಯ ಹೆಸರು ಹೇಳಿದರೇ 'ನಾನು ಚೋರ' ಎಂದು ಒಪ್ಪಿಕೊಂಡ ಹಾಗೆ!

ಸಮಾಜಶಾಸ್ತ್ರದ ವಿದ್ಯಾರ್ಥಿಗಳು ಇದನ್ನೆಲ್ಲ ಬೇರೆ ಹೆಸರಿನಲ್ಲಿ ಓದುತ್ತಾರೆ. ಸಂಪತ್ತಿನ ಆಸೆಯನ್ನು ಎಲ್ಲರಿಗೂ ತೋರಿಸಿ ದಾರಿಯನ್ನು ಕೆಲವರಿಗೇ ಬಿಟ್ಟರೆ ಉಳಿದವರು ಅಡ್ಡದಾರಿ ಹಿಡಿಯುತ್ತಾರೆ ಎಂದು ಅಮೆರಿಕದ ಮರ್ಟನ್ 1938ರಲ್ಲಿ ಬರೆದರು. ಕೋಟು ತೊಟ್ಟ ವ್ಯಾಪಾರಿಗಳ ಮೋಸವೂ ಅಪರಾಧವೇ ಎಂದು 1939ರಲ್ಲಿ ಎತ್ತಿ ಹೇಳಿದವರು ಸದರ್ಲೆಂಡ್. ಅಪರಾಧ ಎಂಬುದು ಕೃತ್ಯದ ಗುಣವಲ್ಲ, ಬಲವುಳ್ಳವರು ಹಚ್ಚುವ ಹಣೆಪಟ್ಟಿ ಎಂಬ ವಾದವನ್ನು ಬೆಕರ್ 1963ರಲ್ಲಿ ಮುಂದಿಟ್ಟರು. ಮಾತು ಸರಿಯೇ. ಆದರೆ ನಮ್ಮಲ್ಲಿ ಹಣೆಪಟ್ಟಿ ಹಚ್ಚಲು ಕೃತ್ಯವೇ ಬೇಕಿರಲಿಲ್ಲ, ತೊಟ್ಟಿಲ ಕೂಸಿಗೂ ಅದು ಅಂಟುತ್ತಿತ್ತು. ಸಾಲಕ್ಕೆ ಜೀತ ಹಚ್ಚಿ ಮೂರು ತಲೆಮಾರಿನ ದುಡಿಮೆ ಕದ್ದ ಧಣಿಯನ್ನು ಮಾತ್ರ ಯಾವ ಸರ್ಕಾರವೂ ಅಪರಾಧಿ ಜಾತಿ ಎಂದು ಸಾರಲಿಲ್ಲ.

ದೇಶಕ್ಕೆ ಸ್ವಾತಂತ್ರ್ಯ ಬಂದದ್ದು 1947ರ ಆಗಸ್ಟ್ 15ಕ್ಕೆ. ಇವರಿಗೆ ಬಂದದ್ದು ಐದು ವರ್ಷ ತಡವಾಗಿ, 1952ರ ಆಗಸ್ಟ್ 31ಕ್ಕೆ, ಕಾಯಿದೆ ರದ್ದಾದ ದಿನ. ಅದರ ಜಾಗಕ್ಕೆ ರಾಜ್ಯಗಳು ರೂಢಿಗತ ಅಪರಾಧಿಗಳ ಕಾಯಿದೆಗಳನ್ನು ತಂದವು. ನಮ್ಮ ರಾಜ್ಯದ್ದು 1961ರದು. ಕಾಗದದ ಮೇಲೆ ಅದು ಜಾತಿಯನ್ನಲ್ಲ, ವ್ಯಕ್ತಿಯನ್ನು ನೋಡುತ್ತದೆ. ಆದರೆ ಠಾಣೆಯ ಕಣ್ಣು ಹಳೆಯದೇ. ವಿಮುಕ್ತ ಬುಡಕಟ್ಟಿನವರನ್ನು ರೂಢಿಗತ ಅಪರಾಧಿಗಳೆಂದು ಕಾಣುತ್ತಿದ್ದ, ಜಾತಿ ನೋಡಿ ಕೆಲಸ ಹಂಚುತ್ತಿದ್ದ ಜೈಲು ನಿಯಮಗಳನ್ನು ಸುಪ್ರೀಂ ಕೋರ್ಟು ತೊಡೆದುಹಾಕಬೇಕಾದದ್ದು 2024ರ ಅಕ್ಟೋಬರಿನಲ್ಲಿ!

ಹಳ್ಳಿ ಶಾಲೆಯ ಮೇಷ್ಟ್ರುಗಳೇ, ಈ ಮಾತು ನಿಮಗೇ. ನಾಳೆ ತರಗತಿಯಲ್ಲಿ ಒಂದು ಪೆನ್ಸಿಲು ಕಳೆದೀತು. ಆಗ ನಿಮ್ಮ ಕಣ್ಣು ಮೊದಲು ಯಾವ ಹುಡುಗನ ಕಡೆ ಹೋಗುತ್ತದೋ ನೋಡಿಕೊಳ್ಳಿ. ಅವನ ಮುತ್ತಜ್ಜನೂ ಹೆಸರು ಕೂಗಿದಾಗ 'ಹಾಜರ್' ಅಂದವನೇ, ಪೊಲೀಸಿನವನ ಮುಂದೆ ನಿಂತು. ಮೊಮ್ಮಗನ ಹಾಜರಿ ಪುಸ್ತಕ ನಿಮ್ಮ ಕೈಲಿದೆ. ಅದು ಆ ಹಳೇ ರಿಜಿಸ್ಟರು ಆಗದಿರಲಿ.